ಅಮ್ಮನ ಮನೆಯ ಮೈಲಿ ಯಾರ ಲೆಕ್ಕಕ್ಕೆ?

ಏಪ್ರಿಲ್ 12, ಶನಿವಾರ, ಟೊಲೀಡೊ

ತೆರಿಗೆ ಲೆಕ್ಕ ಒಪ್ಪಿಸಲು ಇನ್ನು ಮೂರೇ ದಿನ. ಊರವರಿಗೆಲ್ಲ ಊಟ ಹೊತ್ತು ತಿರುಗುವ ಈ ಬಡ ಚಾಲಕನೇ ಮಾಲೀಕ, ಕೂಲಿ, ಗುಮಾಸ್ತ ಎಲ್ಲವೂ ಎಂದು ಸರ್ಕಾರ ಹೇಳುತ್ತದೆ. ಮೂವರಿಗೂ ತಲೆ ಒಂದೇ, ಅದೂ ಕೆಟ್ಟಿದೆ.

ಕೆಲಸಕ್ಕೆ ಓಡಿಸಿದ ಮೈಲಿಗೆ ತೆರಿಗೆಯಲ್ಲಿ ವಿನಾಯಿತಿ ಉಂಟು, ಸ್ವಂತಕ್ಕೆ ಓಡಿಸಿದ್ದಕ್ಕೆ ಇಲ್ಲ. ಹೋದ ವರ್ಷದ ಓಡಾಟವೆಲ್ಲ ಫೋನಿನಲ್ಲಿದೆ. ಒಂದೊಂದು ಓಡಾಟವನ್ನೂ ತೆರೆಯ ಮೇಲೆ ಬಲಕ್ಕೆ ಸರಿಸಿದರೆ ಕೆಲಸ, ಎಡಕ್ಕೆ ಸರಿಸಿದರೆ ಸ್ವಂತ. ಸಂಜೆ ಅಮ್ಮನ ಅಡುಗೆಮನೆಯಲ್ಲಿ ಕೂತು ಸರಾಗವಾಗಿ ಸರಿಸುತ್ತಿದ್ದೆ. ಅಮ್ಮನ ವಿಳಾಸವೇ ಬಂದಾಗ ಬೆರಳು ನಿಂತಿತು. ಅವಳ ಮನೆ ಎದುರಿಗೆ ಕರಿದ ಕೋಳಿಯ ಅಂಗಡಿ. ಅಲ್ಲಿಯ ಆರ್ಡರ್ ಕಾಯುತ್ತಾ ನಾನು ಕೂರುವುದು ಅವಳ ಸೂಪಿನ ಮುಂದೆ. ಬಲಕ್ಕೆ ಸರಿಸಿದೆ.

ಅಮ್ಮ ಬೆನ್ನ ಹಿಂದೆಯೇ ನಿಂತಿದ್ದಳು.

“ಏನೋ ಕರ್ಟಿಸ್, ನನ್ ಮನೆ ನಿಂಗೆ ಬಸ್‌ಸ್ಟಾಂಡಾ?”

“ಹಂಗಲ್ಲಮ್ಮ, ಕಾಯೋದೂ ಕೆಲಸಾನೇ.”

“ಎರಡೆರಡು ಸಲ ಸೂಪು ಹಾಕಿಸ್ಕೊಳ್ಳೋದೂ ಕೆಲಸಾನಾ? ನಿಜ ಹೇಳು, ಆ ಅಂಗಡಿ ಇಲ್ದಿದ್ರೆ ಬರ್ತಿದ್ಯಾ?”

ಬರ್ತಿದ್ದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆರ್ಡರ್ ಬಂತು, ಎದ್ದು ಓಡಿದೆ. ಇದಕ್ಕಿಂತ ಕೆಟ್ಟ ಉತ್ತರ ಯಾವ ಮಗ ಕೊಟ್ಟಾನು?

ಎಡಕ್ಕೆ ಸರಿಸಿದರೆ ತೆರಿಗೆ ಏರುತ್ತದೆ. ಬಲಕ್ಕೇ ಬಿಟ್ಟರೆ ಅಮ್ಮ ಹೇಳಿದ್ದೇ ನಿಜವಾಗುತ್ತದೆ. ನಡುವೆ ನಿಲ್ಲಿಸಲು ಫೋನು ಬಿಡುವುದಿಲ್ಲ.

ನಾಳೆ ಭಾನುವಾರ, ಕೋಳಿ ಅಂಗಡಿಗೆ ರಜೆ. ಫೋನು ಇಲ್ಲೇ ನನ್ನ ಮನೆಯಲ್ಲಿ ಬಿಟ್ಟು ಅಮ್ಮನ ಮನೆಗೆ ಹೋಗುತ್ತೇನೆ. ಬಾಗಿಲು ತೆಗೆದು “ಇವತ್ಯಾಕೆ ಬಂದೆ?” ಅಂದರೆ? ಸೂಪಿಗೆ ಅಂದರೆ ನಗುತ್ತಾಳೆ. ನಿನ್ನನ್ನು ನೋಡಲು ಅಂದರೆ, ಜ್ವರವೇನೋ ಎಂದು ಹಣೆ ಮುಟ್ಟಿ ನೋಡುತ್ತಾಳೆ.