ಕೈ ಇಳಿಸದ ಮೂವತ್ತನಾಲ್ಕು ಮಕ್ಕಳು

ಮಾರ್ಚ್ 9, ಭಾನುವಾರ

ನನ್ನ ಮುದ್ದಿನ ಮಗಳೇ,

ಈ ಸುದ್ದಿ ನಿನ್ನಪ್ಪನ ಬಾಯಿಂದ ಬಂದರೆ ಉಪ್ಪುಖಾರ ಹಚ್ಚಿಕೊಂಡು ಬರುತ್ತದೆ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ನಮ್ಮ ಹೆಡ್‌ಮಾಸ್ಟರು ಎರಡು ದಿನದ ತರಬೇತಿಗೆ ಹೋಗಿ ಬಂದವರೇ, ವಾರಕ್ಕೊಂದು ಪಾಠ ಮಕ್ಕಳ ಫೋನಿನಲ್ಲೇ ಆಗಬೇಕು ಎಂದರು. ಫೋನು ಕಂಡರೆ ಕಿತ್ತು ಬೀರುವಿಗೆ ಹಾಕುವವಳು ನಾನು. ಹದಿನೈದು ನಿಮಿಷ ವಾದ ಮಾಡಿದೆ. ಅವರೇನು ಉತ್ತರ ಕೊಟ್ಟರೋ, ತಲೆ ಮಾತ್ರ ಅಡ್ಡಡ್ಡ ಆಡುತ್ತಿತ್ತು. ಕೊನೆಗೆ ಬೀರು ತೆಗೆದು ಹನ್ನೊಂದು ಫೋನು ವಾಪಸ್ ಕೊಟ್ಟೆ.

ಒಂಬತ್ತನೇ ತರಗತಿಗೆ ಶಬ್ದದ ಪಾಠ. ಮೊದಲ ಬೆಂಚಿನ ಕನ್ನಡಕದ ಹುಡುಗಿಯ ಫೋನಿನಿಂದ ಒಂದು ಸದ್ದು ಬರಬೇಕು, ಅದರ ಸ್ವರ ಏರುತ್ತಾ ಹೋಗಬೇಕು. ಕೇಳಿಸುವವರೆಗೂ ಎಲ್ಲರೂ ಕೈ ಎತ್ತಿರಬೇಕು. ಬೇರೆ ಬೆಂಚಿನವರ ಫೋನುಗಳು ಅದೇ ಸದ್ದನ್ನು ಅಲೆಯಾಗಿ ತೋರಿಸಬೇಕು. ಯೋಜನೆ ನನ್ನದೇ. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಫೋನಿನ ಪರದೆಯಲ್ಲಿ ಸ್ವರದ ಅಂಕಿ ಮೂರು ಸಾವಿರ ದಾಟುತ್ತಿದ್ದಂತೆ ಸದ್ದು ನಿಂತಿತು. ಮೂವತ್ತನಾಲ್ಕು ಕೈ ಮಾತ್ರ ಮೇಲೆಯೇ ಇದ್ದವು. ಸದ್ದಿನ್ನೂ ಬರುತ್ತಿದೆ ಎಂದು ಎಲ್ಲರೂ ಒಂದೇ ಸಮನೆ ಹೇಳಿದರು. ನನಗೆ ರೇಗಿತು. ಟೋಪಿ ಹಾಕುತ್ತಿದ್ದೀರಾ ಎಂದು ಬೈದು, ಫೋನೆಲ್ಲ ಮೇಜಿನ ಮೇಲಿಡಿ ಎಂದೆ. ಆಗ ಕನ್ನಡಕದ ಹುಡುಗಿ, ನಾವು ಸುಳ್ಳು ಹೇಳುತ್ತಿದ್ದರೆ ನೀವೇ ಪರೀಕ್ಷೆ ಮಾಡಿ ಮಿಸ್ ಎಂದಳು. ವಿಜ್ಞಾನದ ಮೇಷ್ಟ್ರಿಗೆ ಹಾಗೆ ಹೇಳಿದ ಮೇಲೆ ದಾರಿಯೆಲ್ಲಿದೆ?

ಎಲ್ಲರನ್ನೂ ಗೋಡೆಯ ಕಡೆ ತಿರುಗಿಸಿ ಕಣ್ಣು ಮುಚ್ಚಿಸಿದೆ. ಫೋನು ನನ್ನ ಕೈಯಲ್ಲೇ ಹಿಡಿದೆ. ಒತ್ತಿದೆ, ಕೈಗಳೆಲ್ಲ ಎದ್ದವು. ಬಿಟ್ಟೆ, ಇಳಿದವು. ಏಳು ಸಲ ಮಾಡಿದೆ. ಒಬ್ಬರೂ ತಪ್ಪಲಿಲ್ಲ. ನನಗೆ ಮಾತ್ರ ಏಳು ಸಲವೂ ಬರೀ ಮೌನ.

ಕುರ್ಚಿಯಲ್ಲಿ ಕುಸಿದೆ. ಆ ಹುಡುಗಿ ಹತ್ತಿರ ಬಂದು ಹೇಳಿದಳು, "ಹೋದ ವರ್ಷಾನೇ ನಮಗೆ ಗೊತ್ತಾಗಿತ್ತು ಮಿಸ್. ಅದಕ್ಕೇ ಹಿಂದಿನ ಬೆಂಚಿನ ಉತ್ತರ ನಾನು ಜೋರಾಗಿ ಇನ್ನೊಂದ್ಸಲ ಹೇಳೋದು."

ನಾನು ಅವಳನ್ನು ಬಾಯಿಬಡುಕಿ ಎಂದು ಎರಡು ಸಲ ಹೊರಗೆ ನಿಲ್ಲಿಸಿದ್ದೆ.

ಆಮೇಲೆ ಒಂದೊಂದೇ ಹೊರಬಿತ್ತು. ಅವಳು ರಜೆ ಹಾಕಿದ್ದ ದಿನ, ಶಬ್ದ ಚಲಿಸಲು ಏನು ಬೇಕು ಎಂದು ನಾನು ಕೇಳಿದ್ದೆನಂತೆ. ಕೊನೆಯ ಬೆಂಚಿನವಳೊಬ್ಬಳು ಬಸ್ ಪಾಸ್ ಎಂದಳಂತೆ. ನಾನು ಶಭಾಷ್ ಎಂದು ಕೂರಿಸಿದೆನಂತೆ. ತರಗತಿ ಬಿದ್ದು ಬಿದ್ದು ನಕ್ಕಿತು. ನನಗೂ ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಎದ್ದು ನಿಂತು, "ನಂದೇ ತಪ್ಪಾಯ್ತು ಮಕ್ಕಳೇ" ಎಂದೆ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಕೆಲಸಕ್ಕೆ ಸಂಚಕಾರ ಬಂತೇನೋ ಎಂದು ಹೆಡ್‌ಮಾಸ್ಟರ ಹತ್ತಿರ ಹೆದರಿಕೊಂಡೇ ಹೋದೆ. ಅವರು ಕಿವಿ ಡಾಕ್ಟರ ವಿಳಾಸ ಬರೆದು ಕೊಟ್ಟರು. ಈಗ ಎರಡು ಕಿವಿಗೂ ಅವರೆಕಾಳಿನಷ್ಟು ಯಂತ್ರ ಬಂದಿದೆ. ಅದರ ಸದ್ದು ಹೆಚ್ಚು ಕಡಿಮೆ ಮಾಡುವುದು ಫೋನಿನಲ್ಲೇ. ಹೀಗಾಗಿ ಈಗ ತರಗತಿಯಲ್ಲಿ ಪದೇ ಪದೇ ಫೋನು ನೋಡುವವಳು ನಾನೊಬ್ಬಳೇ. ನಿನ್ನಪ್ಪ ಗೊಣಗುತ್ತಾರೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಪಾಪ, ಸರಿಯಾಗಿಯೇ ಮಾತಾಡುತ್ತಾರೆ. ಆದರೆ ತುಂಬಾ ಮಾತಾಡುತ್ತಾರೆ. ಮಕ್ಕಳು ನನ್ನನ್ನು ಶಕ್ತಿ ಮಿಸ್ ಅನ್ನುತ್ತಾರೆಂದು ಬೀಗುತ್ತಿದ್ದೆ. ಅದು ಜಪ್ತಿ ಮಿಸ್ ಎಂದು ಸೋಮವಾರ ತಿಳಿಯಿತು.

ಕಿವಿಯೊಂದು ಬಿಟ್ಟು ಉಳಿದೆಲ್ಲ ನೆಟ್ಟಗಿರುವ
ನಿನ್ನ ಅಮ್ಮ

ಮರೆತಿದ್ದೆ: ಹೋದ ತಿಂಗಳು ನೀನು ಫೋನಿನಲ್ಲಿ ಇಪ್ಪತ್ತು ನಿಮಿಷ ಏನೋ ಹೇಳಿದೆ. ನಾನು "ಆಗಲಿ ಮಗಳೇ, ಹಾಗೇ ಮಾಡು" ಎಂದೆ. ನೀನು ಅತ್ತೆಯೋ ನಕ್ಕೆಯೋ ಗೊತ್ತಾಗಲಿಲ್ಲ. ಥ್ಯಾಂಕ್ಸ್ ಅಮ್ಮ ಎಂದದ್ದು ಮಾತ್ರ ಕೇಳಿಸಿತು. ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ ನಾನು. ಆದರೆ ಒಪ್ಪಿದ್ದು ಯಾವುದಕ್ಕೆ, ಅಥವಾ ಯಾರಿಗೆ, ಎಂದು ನಿನ್ನಪ್ಪನಿಗಿಂತ ಮೊದಲು ನನಗೊಂದು ಮಾತು ತಿಳಿಸು.