ಬ್ಲೀಚಿಂಗ್ ಪುಡಿ ಬಿದ್ದ ಸಸಿಮಡಿ

ರಾಕ್ ಟ್ರಾಮ್ ಕೇರಿ, ಕಾ ಮಾವ್
ಹತ್ತನೇ ತಿಂಗಳ ಹುಣ್ಣಿಮೆ

ನಮ್ಮ ಲುವಾಳ ಅಪ್ಪನಿಗೆ,

ಹೇಗಿದ್ದೀರಿ? ಪಕ್ಕೆಲುಬಿನ ನೋವು ಇಳಿಯಿತೇ? ಹೋದ ಸಲ ಜೈಲಿಗೆ ಬಂದಾಗ ನಿಮ್ಮ ತುಟಿ ಒಡೆದಿತ್ತು. ಬಾಗಿಲು ತಾಗಿತು ಅಂದಿರಿ. ಬಾಗಿಲಿಗೂ ಮುಷ್ಟಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಳಿಸಿರುವ ಒಣಮೀನನ್ನು ನೀವೇ ತಿನ್ನಿ, ದೊಡ್ಡಸ್ತಿಕೆಗೆ ಹಂಚಿಬಿಡಬೇಡಿ. ನಿಮಗಿಂತ ಮೊದಲು ಈ ಕಾಗದ ಓದುವ ಸಾಹೇಬರಿಗೂ ನನ್ನ ನಮಸ್ಕಾರ. ಅವರು ಕೊನೆಯ ತನಕ ಓದಲಿ, ನಡುವೆ ಕತ್ತರಿ ಆಡಿಸದಿದ್ದರೆ ಸಾಕು.

ಲುವಾ ಚೆನ್ನಾಗಿದ್ದಾಳೆ. ಕೋಪ ಮಾತ್ರ ನಿಮ್ಮದೇ, ಮೂಗಿನ ತುದಿಯಲ್ಲೇ ಇರುತ್ತದೆ. ಆಚೆ ದಡದ ಬಾಂಗನ ಮೊಮ್ಮಗನ ಕಿವಿಯನ್ನು ಶಾಲೆಯಲ್ಲಿ ರಕ್ತ ಬರುವ ಹಾಗೆ ಕಚ್ಚಿದಳು. ನಾನು ಬೆನ್ನಿಗೆರಡು ಬಿಗಿದೆ. ಅಳಲಿಲ್ಲ, ನನ್ನನ್ನೇ ದುರುಗುಟ್ಟಿ ನೋಡಿದಳು. ಅತ್ತೆ ಮಾತು ಕಡಿಮೆ ಮಾಡಿದ್ದಾರೆ, ಊಟವನ್ನೂ.

ಗದ್ದೆ ನೋಡಿದರೆ ನಿಮ್ಮ ಹೊಟ್ಟೆ ತಣ್ಣಗಾಗುತ್ತಿತ್ತು. ಬೇಸಿಗೆಯಲ್ಲಿ ಎಲ್ಲರಂತೆ ನಾವೂ ಸಮುದ್ರದ ನೀರು ಬಿಟ್ಟು ಸೀಗಡಿ ಸಾಕಿದೆವು. ಮಳೆ ಬಂದು ಉಪ್ಪು ತೊಳೆದ ಮೇಲೆ ಭತ್ತ. ಕೃಷಿ ಕಚೇರಿಯವರು ಕೊಟ್ಟ ಆ ಬ್ಯಾಕ್ಟೀರಿಯಾವನ್ನು ನೀವು ಮಾಡುತ್ತಿದ್ದ ಹಾಗೆಯೇ ಕಾಕಂಬಿ, ಅಕ್ಕಿ ತೊಳೆದ ನೀರು ಹಾಕಿ ಮೀನುಸಾರಿನ ಎರಡು ಹಳೇ ಜಾಡಿಗಳಲ್ಲಿ ಬದುಕಿಸಿಕೊಂಡು ಬಂದೆ. ಬೀಜವನ್ನು ಅದರಲ್ಲಿ ನೆನೆಸಿ ಬಿತ್ತಿದೆ. ಉಪ್ಪು ಬೆಳ್ಳಗೆ ಮೇಲೇಳುವ ಆ ದರಿದ್ರ ಮೂಲೆಯಲ್ಲೂ ಈಗ ತೆನೆ ಹೊರಡುತ್ತಿದೆ. ಒಂದು ಬುಡ ಕಿತ್ತು ನೋಡಿದೆ, ಬೇರು ಗಡ್ಡದ ಹಾಗೆ ದಟ್ಟವಾಗಿದೆ. ಕಣ್ಣಿಗೆ ಕಾಣದ ಜೀವ ಬೇರಿಗಂಟಿಕೊಂಡು ಉಪ್ಪಿನ ಹೊಡೆತ ತಡೆಯುತ್ತದೆ ಅಂತ ನೀವು ಹೇಳಿದಾಗ ನಾನು ನಕ್ಕಿದ್ದೆ. ಈಗ ನಗುವುದಿಲ್ಲ.

ಆದರೆ ಈಗಿರುವ ಒಂದು ಜಾಡಿಯೂ ಪುಕ್ಕಟೆಗೆ ಉಳಿದದ್ದಲ್ಲ. ಆರನೇ ತಿಂಗಳಲ್ಲಿ ಬಾಂಗನ ಇಬ್ಬರು ಮಕ್ಕಳು ಕುಡಿದು ದೋಣಿಯಲ್ಲಿ ಬಂದರು. ಬೊಗಳಿದ ನಾಯಿಯನ್ನು ದೋಣಿಯ ಹುಟ್ಟಿನಿಂದ ಬಡಿದು ಕೊಂದರು. ಅಂಗಳದಲ್ಲಿದ್ದ ಒಂದು ಜಾಡಿ ಒಡೆದರು. ಇನ್ನೊಂದಕ್ಕೆ ಕೈ ಹಾಕಿದಾಗ ನಾನು ತೆಂಗಿನಕಾಯಿ ಕೆತ್ತುವ ಕತ್ತಿ ಬೀಸಿದೆ. ಹಿರಿಯವನ ಮುಂಗೈ ಮೂಳೆ ಕಾಣುವಷ್ಟು ಸೀಳಿತು. ಕಿರಿಯವನು ನನ್ನ ಜುಟ್ಟು ಹಿಡಿದು ಮೆಟ್ಟಿಲಿಗೆ ಹಣೆ ಜಜ್ಜಿದ. ನಾನು ಜಾಡಿಯನ್ನು ತಬ್ಬಿಕೊಂಡು ಬಿದ್ದುಕೊಂಡೆ, ಬೆನ್ನಿಗೆ ಒದೆಯುತ್ತಲೇ ಇದ್ದ. ಹೋಗುವಾಗ ಒಂದೇ ಮಾತು ಹೇಳಿದ: “ನಮ್ಮಪ್ಪನ ಕಣ್ಣು ವಾಪಸ್ ಕೊಡು, ನಿನ್ ಜಾಡಿ ನೀನಿಟ್ಕೋ.”

ಹೋದ ವರ್ಷದ ಆ ಬೆಳಿಗ್ಗೆ ನನ್ನ ಕಣ್ಣಿನಿಂದ ಹೋಗುವುದೇ ಇಲ್ಲ. ಸಸಿಮಡಿ ಬೆಂದು ಬೆಳ್ಳಗೆ ಮಲಗಿತ್ತು, ಬ್ಲೀಚಿಂಗ್ ಪುಡಿಯ ಘಾಟು ಮೂಗಿಗೆ ಹೊಡೆಯುತ್ತಿತ್ತು. ಬ್ಯಾಕ್ಟೀರಿಯಾದಿಂದಲೇ ಊರಿನ ಸೀಗಡಿಯೆಲ್ಲ ಸತ್ತಿದ್ದು, ಅದನ್ನು ಸಾಕುವವನ ಗದ್ದೆಗೆ ಪುಡಿ ಸುರಿಯುತ್ತೇನೆ ಅಂತ ಕಾಫಿ ಅಂಗಡಿಯಲ್ಲಿ ಎಲ್ಲರೆದುರು ಬಾಂಗ್ ಹಾರಾಡಿದ್ದ. ನೀವು ಬೇರೆ ಯಾರನ್ನೂ ಕೇಳಲಿಲ್ಲ. ದೋಣಿ ನೂಕುವ ಗಳ ಹಿಡಿದು ಹೋದಿರಿ. “ನಾನಲ್ಲ ಕಣೋ, ನಾನ್ ಹಾಕಿಲ್ಲ” ಅಂತ ಅವನು ಕೂಗುತ್ತಿದ್ದ, ನೀವು ಹೊಡೆಯುತ್ತಿದ್ದಿರಿ. ಕಣ್ಣು ಹೋದಮೇಲೂ ಹೊಡೆದಿರಿ. ಪೊಲೀಸರು ದೋಣಿ ಹತ್ತಿಸುವಾಗ, ಬಂದಮೇಲೆ ಇನ್ನೊಂದು ಕಣ್ಣನ್ನೂ ತೆಗೆಯುತ್ತೇನೆ ಅಂದಿರಿ. ಕೇರಿಗೆ ಕೇರಿಯೇ ಅದನ್ನು ಕೇಳಿಸಿಕೊಂಡಿದೆ. ಹೊಸ ವರ್ಷದ ಟೆಟ್ ಹಬ್ಬಕ್ಕೆ ಮೊದಲೇ ನಿಮ್ಮನ್ನು ಬಿಡುತ್ತಾರಂತೆ. ಅವನ ಮಕ್ಕಳು ಮಚ್ಚು ಮಸೆದಿಟ್ಟುಕೊಂಡಿದ್ದಾರೆ. ಆ ಮಾತು ನಡೆಸಲು ಹೋದರೆ ಬೀಳುವುದು ಒಂದು ಹೆಣವಲ್ಲ. ನನಗೆ ಭಯವಾಗುತ್ತಿದೆ.

ಮೈ ನೋಡಿಕೊಳ್ಳಿ, ಅಲ್ಲಿ ಯಾರ ಜೊತೆಗೂ ಜಗಳಕ್ಕಿಳಿಯಬೇಡಿ. ಹಿರಿಯರ ಪಟದ ಮುಂದೆ ದಿನಾ ನಿಮ್ಮ ಹೆಸರು ಹೇಳಿ ಊದುಬತ್ತಿ ಹಚ್ಚುತ್ತೇನೆ. ಹೊಸ ಅಕ್ಕಿಯ ಮೊದಲ ಅನ್ನ ನಿಮಗೇ.

ನಿಮ್ಮ
ನ್ಯಾನ್

ಮರೆತು ಬಿಟ್ಟದ್ದಲ್ಲ, ಇಷ್ಟು ಹೊತ್ತು ಬರೆಯಲು ಕೈ ಬರಲಿಲ್ಲ: ಹೋದ ವರ್ಷ ಪುಡಿ ಹಾಕಿದ್ದು ನಿಮ್ಮಮ್ಮ. ಈ ಸಲ ಎಂಟನೇ ತಿಂಗಳಲ್ಲಿ ಹೊಸ ಸಸಿಮಡಿಯ ಬದುವಿನ ಮೇಲೆ ಬಕೆಟ್ ಹಿಡಿದು ನಿಂತಿದ್ದರು. ನಾನು ಅವರ ಕೈ ತಿರುಚಿ ಬಕೆಟ್ ಕಾಲುವೆಗೆ ಎಸೆದೆ. “ಗದ್ದೇಲಿ ಬ್ಯಾಕ್ಟೀರಿಯಾ ಇದೆ ಅಂತ ಮಗನೇ ಹೇಳಿದ್ನಲ್ಲೇ. ರೋಗದ ಹುಳ ಸಾಯ್ಲಿ ಅಂತ ಸೀಗಡಿ ಕೊಳಕ್ಕೆ ಹಾಕೋ ಹಂಗೆ ಹಾಕ್ದೆ, ಪೈರು ಉಳೀಲಿ ಅಂತ. ಹೋದ್ಸಲ ತಡವಾಗೋಯ್ತು, ಅದಕ್ಕೇ ಸತ್ತೋಯ್ತು” ಅಂದರು. ನೀವು ಗಳ ಎತ್ತಿದ್ದು ಕಂಡು ಆವತ್ತು ಅವರ ಬಾಯಿ ಕಟ್ಟಿಹೋಯಿತಂತೆ. ನಾನೇ ಹೋಗಿ ಬಾಂಗನಿಗೆ ಹೇಳಿದೆ. ಕೆನ್ನೆಗೆ ಬಾರಿಸಿದ, ಒಂದು ಹಲ್ಲು ಹೋಯಿತು. ಆಮೇಲೆ, “ನನ್ ಮಕ್ಳಿಗೆ ಹೇಳ್ಬೇಡ. ಅವರು ಮುದುಕೀನೂ ಬಿಡಲ್ಲ” ಅಂದ. ಇವತ್ತಿಗೂ ಅವನು ಅವರಿಗೆ ಹೇಳಿಲ್ಲ. ಜೈಲಿನಿಂದ ಬಿಟ್ಟ ಮೇಲೆ ಮೊದಲು ನಮ್ಮ ಮನೆಗೆ ಬರಬೇಡಿ. ಬೆಳಿಗ್ಗೆ ಅವನ ಮಕ್ಕಳು ಬಲೆ ಎತ್ತಲು ಹೋದ ಹೊತ್ತು ನೋಡಿ ಅವನ ಮೆಟ್ಟಿಲಿಗೆ ಹೋಗಿ. ಬರಿಗೈಲಿ ಹೋಗಿ. ಹೊಡೆದರೆ ಹೊಡೆಸಿಕೊಳ್ಳಿ.