ಒಂಬತ್ತು ವರ್ಷದ ಸೊಸೆ

ಆಗಸ್ಟ್ ೪, ಬೆಳಿಗ್ಗೆ ೧೦
ಹನ್ನೊಂದು ಪುಟ ಮುಗಿಯಿತು. ಇನ್ನೆಷ್ಟಿವೆಯೋ. ವರ್ಕ್ ಪರ್ಮಿಟ್ ಬರುವವರೆಗೆ ಇದೇ ನನ್ನ ಕೆಲಸ — ಇಂಗ್ಲೆಂಡಿನ ೧೮೬೧ರ ಜನಗಣತಿ ಹಾಳೆ ನೋಡಿ ಟೈಪ್ ಮಾಡುವುದು. ಸಂಬಳವಿಲ್ಲ. ಅಮೆರಿಕದ ಈ ಅಲೆನ್ ಊರಿನ ಬಿಸಿಲಲ್ಲಿ ಬೇರೆಲ್ಲಿಗೆ ಹೋಗಲಿ?

ಇವತ್ತು ಕುರಿ ಕಾಯುವವರ ಮನೆ. ಗುಡ್ಡದ ಮೇಲೆ ಅದೊಂದೇ. ಯಜಮಾನ ಥಾಮಸ್, ೪೪, ಕುರಿಗಾಹಿ. ಹೆಂಡತಿ ಆ್ಯನ್, ೩೧. ಮಗ, ಎರಡು ವರ್ಷ. ಎಲೆನ್, ಒಂಬತ್ತು ವರ್ಷ — ಡಾಟರ್-ಇನ್-ಲಾ, ಅವಿವಾಹಿತೆ.

ಮದುವೆಯಾಗದ ಸೊಸೆ! ಗಂಡ ಯಾರು, ಆ ಎರಡು ವರ್ಷದವನೇ? ತಲೆ ಕೆಟ್ಟುಹೋಯಿತು. ಗಣತಿಯವನಿಗೆ ನಿದ್ದೆ ಬಂದಿರಬೇಕು. ‘ಮಗಳು’ ಎಂದು ತಿದ್ದಿದೆ.

ಆಗಸ್ಟ್ ೫
ದಿಯಾಳ ಶಾಲೆಯ ಎಮರ್ಜೆನ್ಸಿ ಕಾರ್ಡ್ ಬಂದಿದೆ. ನನ್ನ ಹೆಸರು, ಫೋನ್ ನಂಬರ್ ಬರೆದೆ. ‘ಮಗುವಿಗೆ ಏನಾಗಬೇಕು’ ಎಂಬಲ್ಲಿ ಪೆನ್ನು ನಿಂತಿತು.

ಅವಳ ಅಮ್ಮ ತೀರಿಕೊಂಡು ನಾಲ್ಕು ವರ್ಷ. ನಾನು ಈ ಮನೆಗೆ ಬಂದು ಹತ್ತು ತಿಂಗಳು. ‘ಅಮ್ಮ’ ಎಂದು ಬರೆದರೆ ಅವಳಿಗೆ ನೋವಾದೀತು. ಮಲತಾಯಿ — ಥೂ, ಆ ಪದವೇ ಬೇಡ. ಅವಳು ಕರೆಯುವುದು ಆಂಟಿ ಎಂದು. ಊರಿನ ಕನ್ನಡದ ಹೆಂಗಸರೆಲ್ಲ ಅವಳಿಗೆ ಆಂಟಿಯೇ. ಅವರಲ್ಲೊಬ್ಬಳಾಗಿ ಇನ್ನೆಷ್ಟು ದಿನ? ನನಗೆ ಬೇಸರವಾಗುತ್ತದೆ, ಸುಳ್ಳೇಕೆ.

ಗಂಡನನ್ನು ಕೇಳಿದೆ. ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ಅಕೀನ್ನs ಕೇಳು. ನನಗೇನ್ ಗೊತ್ತು?” ಅಂದರು ಶ್ರೀಶೈಲ್.

ಕೇಳುವ ಧೈರ್ಯವಿಲ್ಲ. ಆ ಜಾಗ ಖಾಲಿ ಬಿಟ್ಟು ಕಾರ್ಡನ್ನು ಫ್ರಿಜ್ಜಿಗೆ ಸಿಕ್ಕಿಸಿದೆ.

ಆಗಸ್ಟ್ ೯
ಹಾಳೆ ವಾಪಸ್ ಬಂತು. ನಮ್ಮ ಕೆಲಸ ಚೆಕ್ ಮಾಡುವಾಕೆ ಬರೆದಿದ್ದಾಳೆ: ಇದ್ದ ಹಾಗೇ ಬರೆಯಿರಿ, ತಿದ್ದಬೇಡಿ. ಆ ಕಾಲದಲ್ಲಿ ‘ಇನ್-ಲಾ’ ಎಂದರೆ ಬರೀ ಅತ್ತೆ-ಸೊಸೆಯಲ್ಲ. ಹೆಂಡತಿಗೆ ಮೊದಲ ಗಂಡನಿಂದ ಹುಟ್ಟಿದ ಮಗಳನ್ನೂ ಡಾಟರ್-ಇನ್-ಲಾ ಎನ್ನುತ್ತಿದ್ದರು.

ಅಂದರೆ ಎಲೆನ್ ಸೊಸೆಯಲ್ಲ. ಥಾಮಸ್‌ನ ಮಲ… ಮತ್ತೆ ಅದೇ ಪದ.

ದಿಯಾ ನನ್ನ ಹಿಂದೆ ನಿಂತು ಓದುತ್ತಿದ್ದಳು. ಯಾವಾಗ ಬಂದಳೋ.

“ಸೋ ಶೀ ಈಸ್ ಲೈಕ್ ಮೀ?”

“ಹೂಂ. ನಿನ್ನಂಗs.”

“ಡಿಡ್ ದೇ ಲೈಕ್ ಹರ್?”

“ಅದಕ್ಕ ಇದರಾಗ ಕಾಲಂ ಇಲ್ಲವ್ವಾ.”

ತನ್ನ ಕೋಣೆಗೆ ಹೋದಳು. ಬೇರೇನಾದರೂ ಹೇಳಬೇಕಿತ್ತೇ? ಏನು? ಗೊತ್ತಾಗುತ್ತಿಲ್ಲ.

ಆಗಸ್ಟ್ ೧೩
ಶಾಲೆ ಶುರು. ಫ್ರಿಜ್ಜಿನ ಮೇಲೆ ಕಾರ್ಡ್ ಇಲ್ಲ.

“ಐ ಫಿಲ್ಡ್ ಇಟ್, ಆಂಟಿ.”

ಏನೆಂದು? ಕೇಳುವಷ್ಟರಲ್ಲಿ ಬಸ್ ಬಂತು. ಸಂಜೆ ಕೇಳಲು ಬಾಯಿ ಬರಲಿಲ್ಲ.

ಸೆಪ್ಟೆಂಬರ್ ೩, ೧೧:೪೦
ಶಾಲೆಯ ನರ್ಸ್ ಫೋನ್. ದಿಯಾಗೆ ಜ್ವರ, ನೂರಾ ಒಂದು. ಬಂದು ಕರೆದುಕೊಂಡು ಹೋಗಬೇಕಂತೆ. ಆಮೇಲೆ ಸಂಕೋಚದಿಂದ — ಕಾರ್ಡಿನಲ್ಲಿ ಏನೋ ತಪ್ಪಾಗಿದೆ, ನೀವು ಈಕೆಯ ಮದರ್-ಇನ್-ಲಾ ಎಂದಿದೆ, ಹುಡುಗಿಗೆ ಇನ್ನೂ ಹತ್ತು ವರ್ಷ… ತಿದ್ದಲೇ?

ನನಗೆ ನಗುವೋ ಅಳುವೋ. ಆ ಕಡೆಯಿಂದ ದಿಯಾಳ ಸೋತ ದನಿ: “ಡೋಂಟ್ ಚೇಂಜ್ ಇಟ್. ಶೀ ನೋಸ್.”

ತಿದ್ದಬೇಡಿ ಎಂದೆ. ಇದ್ದ ಹಾಗೇ ಇರಲಿ.

ಕಾರಿನ ಕೀ ಎಲ್ಲಿಟ್ಟೆ? ಇದನ್ನೇಕೆ ಬರೆಯುತ್ತ ಕುಳಿತಿದ್ದೇನೆ — ಅಲ್ಲಿ ಕಾಯುತ್ತಿದ್ದಾಳೆ ನನ್ನ…